ಗಾಯಗಳು ಕಂಡುಬಂದಿಲ್ಲ

ಕುಕ್ಕುಂದೂರು
೩ ಆಗಸ್ಟ್ ೨೦೨೫

ಪಪ್ಪನಿಗೆ,

ಫೋನ್ ಮಾಡದೆ ಕಾಗದ ಬರೆದದ್ದಕ್ಕೆ ನಗಬೇಡಿ. ಅಲೆವೂರಿನಿಂದ ಇಲ್ಲಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ ಎಂದು ನನಗೂ ಗೊತ್ತು. ಆದರೆ ನಾವಿಬ್ಬರು ತುಳುವಿನಲ್ಲಿ ಮಾತು ಸುರು ಮಾಡಿದರೆ ಮೂರನೇ ವಾಕ್ಯಕ್ಕೆ ಜಗಳವಾಗುತ್ತದೆ. ಕನ್ನಡದಲ್ಲಿ ಬರೆದರೆ ಇಬ್ಬರಿಗೂ ಸ್ವಲ್ಪ ಮರ್ಯಾದೆ ಉಳಿದೀತು. ಅಮ್ಮ ನಾಳೆ ಬೆಳಿಗ್ಗೆ ವಾಪಸು ಹೊರಡುತ್ತಾಳೆ, ಅವಳ ಬ್ಯಾಗಿನಲ್ಲಿ ಹಾಕುತ್ತೇನೆ.

ಒಂದು ಪ್ರಶ್ನೆ ಉಂಟು. ಪುಸ್ತಕದಲ್ಲಿ ಉತ್ತರ ಸಿಕ್ಕಿದೆ, ಆದರೂ ನಿಮ್ಮಿಂದ ಕೇಳಬೇಕು. ಮನುಷ್ಯನ ಅಂಗಾಲಿಗೆ ಲಾಠಿಯಿಂದ ಹೊಡೆದರೆ ಎಷ್ಟು ದಿನ ಅವನಿಗೆ ಸರಿಯಾಗಿ ನಡೆಯಲು ಆಗುವುದಿಲ್ಲ? ಹೊರಗೆ ಏನಾದರೂ ಕಾಣುತ್ತದೆಯೇ?

ಕಳೆದ ವರ್ಷ ಫೆಬ್ರವರಿಯಲ್ಲಿ, ನಾನಿನ್ನೂ ಕಡಲ ಬದಿಯ ಸರಕಾರಿ ಆಸ್ಪತ್ರೆಯಲ್ಲಿದ್ದಾಗ, ವಿನೋದಾ ಟೀಚರ್ ಎಂಬವರ ಕೊಲೆಯಾದದ್ದು ನಿಮಗೆ ನೆನಪಿರಬಹುದು. ನಿವೃತ್ತರಾಗಿ ಒಬ್ಬರೇ ಇದ್ದವರು. ಕತ್ತಿನ ಸರ ಹೋಗಿತ್ತು. ಅವರ ಬಾವಿಯ ಪಂಪು ರಿಪೇರಿ ಮಾಡಿದ್ದ ಹೆಜಮಾಡಿಯ ಜಿತೇಂದ್ರನನ್ನು ಹಿಡಿದರು. ಐದು ದಿನ ಕಸ್ಟಡಿಯಲ್ಲಿಟ್ಟು, ಕೋರ್ಟಿಗೆ ಹಾಜರುಪಡಿಸುವ ಮೊದಲು ತಪಾಸಣೆಗೆ ತಂದದ್ದು ನನ್ನ ಹತ್ತಿರ. "ಗಾಯಗಳು ಕಂಡುಬಂದಿಲ್ಲ" ಎಂದು ಬರೆದು ಸಹಿ ಹಾಕಿದವಳು ನಾನು.

ಈಗ ಉಡುಪಿಯ ಸೆಷನ್ಸ್ ಕೋರ್ಟಿನಲ್ಲಿ ವಿಚಾರಣೆ ಸುರುವಾಗಿದೆ. ಸಾಕ್ಷಿಗಳ ಪಟ್ಟಿಯಲ್ಲಿ ನನ್ನ ಹೆಸರು ಉಂಟು. ದೀಪಾವಳಿ ಕಳೆದ ಮೇಲೆ ನನ್ನ ಸರದಿ ಬರಬಹುದು ಎಂದರು. ಅವನು ಅವತ್ತು ನನ್ನ ಕೋಣೆಯಿಂದ ಹೊರಗೆ ನಡೆದ ರೀತಿ ಮಾತ್ರ ನನಗೆ ಮರೆಯುತ್ತಿಲ್ಲ.

ನಿಮ್ಮ ಮೊಣಕಾಲಿನ ಗುಳಿಗೆ ಊಟವಾದ ಮೇಲೆಯೇ ತೆಗೆದುಕೊಳ್ಳಿ.

ಸೌಮ್ಯಾ


ಅಲೆವೂರು
೧೦ ಆಗಸ್ಟ್ ೨೦೨೫

ಚಿ. ಸೌಮ್ಯಶ್ರೀಗೆ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಫೋನಿನಲ್ಲಿ ಕೇಳದೆ ಇದ್ದದ್ದು ಒಳ್ಳೆಯದೇ ಆಯಿತು. ಯಾರ ಮಾತನ್ನು ಯಾರು ಕೇಳಿಸಿಕೊಳ್ಳುತ್ತಾರೆ ಎಂದು ಈಗ ಹೇಳಲಿಕ್ಕಾಗುವುದಿಲ್ಲ. ಈ ಕಾಗದವನ್ನೂ ಓದಿ ಹರಿದುಬಿಡು.

ನೀನು ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಸಲಹೆ ಬೇಕಾದರೆ ಕೊಡುತ್ತೇನೆ. ಕೋರ್ಟಿನಲ್ಲಿ ನಿನ್ನ ಸರ್ಟಿಫಿಕೇಟು ತೋರಿಸಿ ಕೇಳುತ್ತಾರೆ: ಇದು ನಿಮ್ಮ ಕೈಬರಹವೇ? ಹೌದು. ಸಹಿ ನಿಮ್ಮದೇ? ಹೌದು. ಅಲ್ಲಿಗೆ ಮುಗಿಯಿತು. ಕೇಳಿದಷ್ಟಕ್ಕೆ ಉತ್ತರ. ಡಾಕ್ಟರ ಸಾಕ್ಷಿ ಹತ್ತು ನಿಮಿಷದ ಕೆಲಸ.

ಆರೋಪಿ ಪೊಲೀಸರ ಹತ್ತಿರ ಒಪ್ಪಿಕೊಂಡದ್ದಕ್ಕೆ ಕೋರ್ಟಿನಲ್ಲಿ ಮೂರು ಕಾಸಿನ ಬೆಲೆಯಿಲ್ಲ, ನಿನಗೆ ಗೊತ್ತಿರಲಿ. ಕಾನೂನು ಮಾಡಿದವರು ಮೊದಲಿನಿಂದಲೂ ನಮ್ಮನ್ನು ನಂಬಿದವರಲ್ಲ. ಆದರೆ ಅವನು ಹೇಳಿದ ಮಾತಿನಿಂದ ಒಂದು ವಸ್ತು ಸಿಕ್ಕಿದರೆ, ವಸ್ತು ಸಿಕ್ಕಿದ ಅಷ್ಟು ಮಾತು ಮಾತ್ರ ಸಾಕ್ಷಿಯಾಗುತ್ತದೆ. ನಮ್ಮ ಕಾಲದಲ್ಲಿ ಅದನ್ನು ಇಪ್ಪತ್ತೇಳನೇ ಕಲಮು ಎನ್ನುತ್ತಿದ್ದೆವು. ಹೊಸ ಕಾಯಿದೆಯಲ್ಲಿ ನಂಬರು ಬದಲಾಗಿದೆಯಂತೆ, ಕಿಂಡಿ ಅದೇ. ಈ ಕೇಸಿನಲ್ಲಿ ಸರ ಸಿಕ್ಕಿದೆ. ಅವನೇ ಜಾಗ ತೋರಿಸಿದ್ದಾನೆ, ಜೊತೆಗೆ ಹೋಗಿ ನೋಡಿದ ಪಂಚರ ಸಹಿ ಉಂಟು. ಹಾಗಿರುವಾಗ ಅವನು ಹೇಗೆ ನಡೆದ ಎಂಬುದು ನಿನಗೆ ಯಾಕೆ?

೧೯೯೪ರಲ್ಲಿ ಐದು ವರ್ಷದ ಒಂದು ಹೆಣ್ಣುಮಗುವನ್ನು ಎತ್ತಿಕೊಂಡು ಹೋಗಿದ್ದರು. ಸಿಕ್ಕಿಬಿದ್ದವನು ಬಾಯಿ ಬಿಡಲಿಲ್ಲ. ನಾಲ್ಕು ಗಂಟೆಯಲ್ಲಿ ಬಿಡಿಸಿದೆ. ಮಗು ಮುಚ್ಚಿದ ಹಂಚಿನ ಕಾರ್ಖಾನೆಯಲ್ಲಿ ಜೀವಸಹಿತ ಸಿಕ್ಕಿತು. ಅದರ ತಾಯಿ ನನ್ನ ಕಾಲು ಹಿಡಿದಳು. ಆ ನಾಲ್ಕು ಗಂಟೆ ನಾನು ಎಂತ ಮಾಡಿದೆ ಎಂದು ಅವಳು ಕೇಳಲಿಲ್ಲ. ನೀನಾದರೂ ಕೇಳುತ್ತಿರಲಿಲ್ಲ.

ವಿನೋದಾ ಟೀಚರಿಗೂ ಒಬ್ಬಳು ಮಗಳಿದ್ದಾಳೆ. ಮಣಿಪಾಲದಲ್ಲಿ ಕೆಲಸದಲ್ಲಿದ್ದಾಳಂತೆ. ಕೋರ್ಟಿಗೆ ಹೋಗುವ ಮೊದಲು ಅವಳನ್ನೂ ಒಮ್ಮೆ ಯೋಚಿಸು.

ಮಳೆ ಜೋರುಂಟು. ಸ್ಕೂಟರಿನಲ್ಲಿ ನಿಧಾನ ಹೋಗು.

ಪಪ್ಪ


ಕುಕ್ಕುಂದೂರು
೧೪ ಸೆಪ್ಟೆಂಬರ್ ೨೦೨೫

ಪಪ್ಪನಿಗೆ,

ನಿಮ್ಮ ಕಾಗದವನ್ನು ಹರಿಯಲಿಲ್ಲ. ಔಷಧ ಕಂಪೆನಿಯವರು ಕೊಟ್ಟ ಡೈರಿಯೊಳಗೆ ಇಟ್ಟಿದ್ದೇನೆ. ತಿಂಗಳಿನಿಂದ ನಾಲ್ಕು ಸಲ ಉತ್ತರ ಬರೆಯಲು ಕೂತು ಎದ್ದೆ. ಡೆಂಗಿ, ಇಲಿಜ್ವರ, ದಿನಕ್ಕೆ ನೂರು ಚೀಟಿ. ಮನೆಗೆ ಬಂದರೆ ಅನ್ನ ಬೇಯುವವರೆಗೆ ಕಾಯಲಿಕ್ಕೂ ಆಗದ ಸುಸ್ತು.

ಅವತ್ತಿನದ್ದನ್ನು ಯಾರಿಗೂ ಹೇಳಿಲ್ಲ. ಮಧ್ಯಾಹ್ನ ಒಂದೂವರೆ ಗಂಟೆ. ಹೊರಗೆ ಬೆಂಚು ತುಂಬಿ ಜಗಲಿಯಲ್ಲಿ ಜನ ಕೂತಿದ್ದರು. ಎಸ್ಸೈ, ಇಬ್ಬರು ಪೇದೆಗಳು, ನಡುವೆ ಅವನು. ಮೂವತ್ತೆರಡು ವರ್ಷ ಎಂದು ಕಾಗದದಲ್ಲಿತ್ತು. ಐವತ್ತಾದವನ ಹಾಗೆ ನಿಂತಿದ್ದ.

"ಎಂತಾದರೂ ನೋವು ಉಂಟಾ?" ಎಂದೆ.

ಅವನು ನನ್ನನ್ನು ನೋಡಲಿಲ್ಲ, ಎಸ್ಸೈಯನ್ನು ನೋಡಿದ. "ಇಲ್ಲ."

"ಯಾರಾದರೂ ಹೊಡೆದಿದ್ದಾರಾ?"

"ಇಲ್ಲ ಮೇಡಂ."

ಎಸ್ಸೈ ನಕ್ಕರು. "ನೀವು ನಮ್ಮ ತಾರಾನಾಥಣ್ಣನ ಮಗಳಲ್ವಾ? ನಿಮಗೆ ಗೊತ್ತಿಲ್ಲದ್ದು ಎಂತ ಉಂಟು ಮಾರಾಯ್ರೆ. ಬೇಗ ಒಂದು ಬರೆದು ಕೊಡಿ, ಕೋರ್ಟಿನ ಹೊತ್ತಾಯಿತು."

ಬಿಪಿ ನೋಡಿದೆ. ಅಂಗಿ ಎತ್ತಿಸಿ ಎದೆ, ಬೆನ್ನು ನೋಡಿದೆ. ಚಪ್ಪಲಿ ತೆಗೆ ಎಂದು ಹೇಳಲಿಲ್ಲ. ಬರೆದೆ, ಸಹಿ ಹಾಕಿದೆ, ಸೀಲು ಹೊಡೆದೆ. ಆಮೇಲೆ ಅವನು ತಿರುಗಿದ. ನನ್ನ ಕೋಣೆಯ ಬಾಗಿಲಿಗೆ ಎರಡು ಮೆಟ್ಟಿಲು. ಕಾಲನ್ನು ನೇರ ಊರಲಾರದೆ, ಪಾದದ ಹೊರ ಅಂಚಿನ ಮೇಲೆ ಭಾರ ಹಾಕಿ, ಗೋಡೆ ಹಿಡಿದು ಇಳಿದ. ತುಟಿ ಕಚ್ಚಿಕೊಂಡಿದ್ದ. ಪೇದೆಗಳು ಹೆಗಲು ಹಿಡಿದುಕೊಂಡರು, ಸ್ನೇಹಿತರ ಹಾಗೆ. ನಾನು ನೋಡಿದೆ. ಪೆನ್ನು ಕೈಯಲ್ಲೇ ಇತ್ತು, ಸರ್ಟಿಫಿಕೇಟು ಇನ್ನೂ ಪೇದೆಯ ಕೈಗೆ ಹೋಗಿರಲಿಲ್ಲ, ಮೇಜಿನ ಮೇಲೆಯೇ ಇತ್ತು. "ನೆಕ್ಸ್ಟ್" ಎಂದು ಕರೆದೆ.

ಕಳೆದ ವಾರ ಒಬ್ಬ ಹೆಂಗಸು ಓಪಿಗೆ ಬಂದರು. ಚೀಟಿಯಲ್ಲಿ ಪುಷ್ಪಾವತಿ, ಹೆಜಮಾಡಿ, ಮೊಣಕಾಲು ನೋವು ಎಂದಿತ್ತು. ಎರಡು ಬಸ್ಸು ಬದಲಿಸಿ ಇಲ್ಲಿಗೆ ಯಾಕೆ ಬಂದರೋ ಎಂದುಕೊಂಡು, "ಎಲ್ಲಿ ನೋವು?" ಎಂದು ಕೇಳಿದೆ.

"ನನಗೆ ಎಂತದೂ ಇಲ್ಲ ಡಾಕ್ಟ್ರೆ. ನಾನು ಜಿತೇಂದ್ರನ ತಾಯಿ. ಸಹಿ ಹಾಕಿದವರ ಮುಖ ಒಮ್ಮೆ ನೋಡುವ ಅಂತ ಬಂದೆ."

ಮೀನು ಮಾರುವವರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

"ಅವ ತಪ್ಪು ಮಾಡಿದ್ದಾನೋ ಇಲ್ಲವೋ ನನಗೂ ಗೊತ್ತಿಲ್ಲ," ಎಂದರು. "ಜೈಲಿಗೆ ಹೋದಾಗ ಕೇಳಿದೆ. ಸತ್ಯ ಹೇಳು ಮಗಾ ಅಂದೆ. ಎಂತ ಹೇಳಬೇಕು ಹೇಳಿ, ಅದನ್ನೇ ಹೇಳುತ್ತೇನೆ ಅಂತಾನೆ. ಹೆತ್ತವಳಿಗೂ ಹಾಗೆ ಹೇಳುವುದಾ?"

ಬಂದದ್ದಕ್ಕೆ ಎಂದು ಕ್ಯಾಲ್ಸಿಯಂ ಗುಳಿಗೆ ಬರೆದುಕೊಟ್ಟೆ. ಅವರು ಚೀಟಿ ತೆಗೆದುಕೊಂಡು ಹೋದರು.

ಆ ಎಸ್ಸೈ ನಿಮ್ಮ ಹೆಸರು ಹೇಳಿದ್ದು ನನ್ನ ಬಾಯಿ ಮುಚ್ಚಿಸಲಿಕ್ಕೆ. ಅದು ಕೆಲಸ ಮಾಡಿತು. ಅದಕ್ಕೇ ಕೇಳುತ್ತೇನೆ, ಮಗುವಿನ ಕತೆ ಬೇಡ. ನೀವೂ ಹೀಗೆ ಮಾಡಿದ್ದೀರಾ? ತಪ್ಪು ಮಾಡದವರಿಗೂ?

ಸೌಮ್ಯಾ


ಅಲೆವೂರು
೧೮ ಸೆಪ್ಟೆಂಬರ್ ೨೦೨೫

ಸೌಮ್ಯಶ್ರೀ,

ನಾನು ಮೂವತ್ತೊಂದು ವರ್ಷ ಮಾಡಿದ ಕೆಲಸದಿಂದ ನೀನು ಡಾಕ್ಟರಾದೆ. ಈ ವಿಷಯದಲ್ಲಿ ಇನ್ನು ನನಗೆ ಬರೆಯುವುದು ಬೇಡ.

ತಾರಾನಾಥ


ಅಲೆವೂರು
೨೩ ಅಕ್ಟೋಬರ್ ೨೦೨೫

ಪ್ರೀತಿಯ ಮಗಾ,

ನನ್ನ ಅಕ್ಷರ ಓದಲಿಕ್ಕೆ ನಿನಗೆ ಕಷ್ಟವಾದೀತು. ಮದುವೆಯಾದ ಮೇಲೆ ನಾನು ಕಾಗದ ಬರೆದದ್ದೇ ಇಲ್ಲ.

ಹಬ್ಬಕ್ಕೆ ನೀನು ಬರಲಿಲ್ಲ. ಡ್ಯೂಟಿ ಎಂದು ಹೇಳಿದೆ. ನಿನ್ನ ಪಪ್ಪ ಕೇಳಲೂ ಇಲ್ಲ. ದೋಸೆ ಹೊಯ್ದದ್ದು ಹಾಗೆಯೇ ಉಳಿಯಿತು.

ನಿಮ್ಮಿಬ್ಬರ ಕಾಗದಗಳೂ ನನ್ನ ಬ್ಯಾಗಿನಲ್ಲೇ ಹೋಗಿ ಬಂದದ್ದು. ನಾನು ಓದುವುದಿಲ್ಲ ಎಂದು ಇಬ್ಬರೂ ತಿಳಿದುಕೊಂಡಿದ್ದೀರಿ. ಬಸ್ಸಿನಲ್ಲಿ ಒಂದೂವರೆ ಗಂಟೆ ಎಂತ ಮಾಡುವುದು ನಾನು? ಓದಿದೆ.

ನಿನಗೆ ಒಂದು ಮಾತು ಹೇಳಬೇಕು. ನೀನು ಚಿಕ್ಕವಳಿರುವಾಗ ಕೆಲವು ಸಲ ಪಪ್ಪ ಸ್ಟೇಷನ್ನಿನಿಂದ ಬೇಗ ಬಂದು, ಯೂನಿಫಾರ್ಮು ಬದಲಿಸಿ, ನಮ್ಮಿಬ್ಬರನ್ನು ಉಡುಪಿಗೆ ಗಡ್‌ಬಡ್ ಐಸ್ಕ್ರೀಮು ತಿನ್ನಿಸಲಿಕ್ಕೆ ಕರೆದುಕೊಂಡು ಹೋಗುತ್ತಿದ್ದರಲ್ಲ. ನೀನು ಕುಣಿಯುತ್ತಿದ್ದೆ. ಅವರು ತಿನ್ನುತ್ತಿರಲಿಲ್ಲ. ನೀನು ತಿನ್ನುವುದನ್ನು ನೋಡುತ್ತಾ ಕೂರುತ್ತಿದ್ದರು. ಸ್ಟೇಷನ್ನಿನಲ್ಲಿ ಎಂತ ಮಾಡಿ ಬಂದ ದಿನಗಳು ಅವು ಎಂದು ನನಗೆ ಎರಡು ಮೂರು ವರ್ಷದಲ್ಲಿ ಅರ್ಥವಾಯಿತು. ಅರ್ಥವಾದ ಮೇಲೂ ನಾನು ಒಳ್ಳೆಯ ಸೀರೆ ಉಟ್ಟು ಹೊರಡುತ್ತಿದ್ದೆ. ಕೇಳುವುದಿದ್ದರೆ ನಾನು ಆಗಲೇ ಕೇಳಬೇಕಿತ್ತು. ಈಗ ನೀನು ಕೇಳಿದ್ದಿ.

ಕಳೆದ ತಿಂಗಳಿನಿಂದ ಅವರು ಸರಿಯಾಗಿ ಮಾತನಾಡುವುದಿಲ್ಲ. ಎರಡು ಸಲ ಕಾಪು ಬಸ್ಸು ಹತ್ತಿ ಹೋದರು. "ಎಂತಕ್ಕೆ?" ಎಂದರೆ "ಸುಮ್ಮನೆ" ಅಂತಾರೆ. ಸುಮ್ಮನೆ ಹೋಗುವ ಮನುಷ್ಯ ಅಲ್ಲ ಅವರು. ಸಕ್ಕರೆ ಇನ್ನೂರೆಂಬತ್ತು ಬಂದಿದೆ.

ನಿನ್ನದು ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಅವರ ಹತ್ತಿರ ಜಗಳ ಕಾಯಬೇಡ. ಅವರೇ ಬರೆಯುತ್ತಾರೆ.

ಅಮ್ಮ


ಅಲೆವೂರು
೯ ನವೆಂಬರ್ ೨೦೨೫

ಸೌಮ್ಯಾ,

ಎರಡು ವಾರ. ಹೆಚ್ಚು ಹೊಡೆದರೆ ಒಂದು ತಿಂಗಳು. ಹೊರಗೆ ಕೆಂಪಗಾಗುತ್ತದೆ, ಅಂಗಾಲಿನ ಚರ್ಮ ದಪ್ಪವಾದ ಕಾರಣ ಎರಡು ದಿನದಲ್ಲಿ ಅದೂ ಕಾಣುವುದಿಲ್ಲ. ಅದಕ್ಕೇ ಅಲ್ಲಿಗೆ ಹೊಡೆಯುವುದು. ಹೊಡೆದ ಮೇಲೆ ಓಡಾಡಿಸುತ್ತೇವೆ, ಊದದಿರಲಿ ಎಂದು. ಕೆಲವರಿಗೆ ಎಂದಿಗೂ ಸರಿಯಾಗುವುದಿಲ್ಲ. ನೀನು ಆಗಸ್ಟಿನಲ್ಲಿ ಕೇಳಿದ್ದಕ್ಕೆ ಇದು ಉತ್ತರ.

ಇನ್ನೊಂದು ಪ್ರಶ್ನೆಗೆ ಉತ್ತರ ಉದ್ದ ಉಂಟು.

೧೯೯೭ರಲ್ಲಿ ನಾನು ಕಾರ್ಕಳದ ಬದಿಯ ಒಂದು ಸ್ಟೇಷನ್ನಿನಲ್ಲಿ ರೈಟರ್, ಹೇಳಿಕೆ, ಡೈರಿ ಎಲ್ಲ ಬರೆಯುವವನು. ಒಂದು ದೈವಸ್ಥಾನದಿಂದ ದೈವದ ಮುಖಕ್ಕೆ ಕಟ್ಟುವ ಬೆಳ್ಳಿಯ ಮೊಗ ಕಳವಾಯಿತು. ಊರಿಗೆ ಊರೇ ಸ್ಟೇಷನ್ನಿನ ಎದುರು ಕೂತಿತು. ದಿನಾ ದೀಪ ಇಡುತ್ತಿದ್ದವನು ಚೆನ್ನಪ್ಪ ಎಂಬವನು. ಬೀಗದ ಕೈ ಅವನಲ್ಲಿ ಇತ್ತು. ಬೇರೆ ಏನೂ ಇರಲಿಲ್ಲ ಅವನ ಮೇಲೆ. ಕರೆತಂದೆವು.

ಮೂರನೇ ದಿನ ಒಪ್ಪಿಕೊಂಡ. ಹಲಸಿನ ಮರದ ಬುಡದಲ್ಲಿ ಹೂತಿದ್ದೇನೆ ಅಂದ. ಅಗೆದೆವು, ಇಲ್ಲ. ವಾಪಸು ತಂದು ಪುನಃ ಕೇಳಿದೆವು. ಬಾವಿಗೆ ಹಾಕಿದೆ ಅಂದ. ಬಾವಿ ಬತ್ತಿಸಿದೆವು, ಇಲ್ಲ. ಆಮೇಲೆ ಹೊಳೆ. ಆಮೇಲೆ ಅವನ ಭಾವನ ಮನೆಯ ಅಟ್ಟ. ದಿನಕ್ಕೊಂದು ಜಾಗ ಹೇಳುತ್ತಿದ್ದ. ಹೇಳಿದ ದಿನ ಹೊಡೆತ ನಿಲ್ಲುತ್ತದೆ, ಅಷ್ಟೇ ಅವನಿಗೆ ಬೇಕಾದದ್ದು. ಅದು ನನಗೆ ನಾಲ್ಕನೇ ಜಾಗಕ್ಕೇ ಗೊತ್ತಾಗಿತ್ತು. ಗೊತ್ತಾದ ಮೇಲೂ ಮೂರು ದಿನ ಮುಂದುವರಿಸಿದೆ. ಮೇಲಿನವರು ಕೇಳುತ್ತಿದ್ದರು, ಊರಿನವರು ಕೇಳುತ್ತಿದ್ದರು, ನಿಲ್ಲಿಸಿದರೆ ಮೊದಲು ಹೊಡೆದದ್ದೆಲ್ಲ ಯಾತಕ್ಕೆ ಎಂದು ಆಗುತ್ತದೆ. ಹೊಡೆದವನು ನಾನು, ಬರೆದವನೂ ನಾನು. ನನ್ನ ಅಕ್ಷರ ಚೆಂದ ಎಂದು ಎಲ್ಲರೂ ಹೇಳುತ್ತಿದ್ದರು. ಅವನ ಆರು ಹೇಳಿಕೆಗಳನ್ನು ಆ ಚೆಂದದ ಅಕ್ಷರದಲ್ಲಿ ಬರೆದಿದ್ದೇನೆ. ಆರೂ ಸುಳ್ಳು. ಒಂಬತ್ತನೇ ದಿನ ಬಿಟ್ಟೆವು. "ವಿಚಾರಿಸಿ ಕಳುಹಿಸಲಾಯಿತು" ಎಂದು ಡೈರಿಯಲ್ಲಿ ಬರೆದೆ.

ಎರಡು ವರ್ಷದ ಮೇಲೆ ಬೇರೆ ಜಿಲ್ಲೆಯಿಂದ ಒಂದು ಕಾಗದ ಬಂತು. ಕಳ್ಳನೊಬ್ಬ ಸಿಕ್ಕಿದ್ದಾನೆ, ಮೊಗ ಕರಗಿಸಿದ ಅಕ್ಕಸಾಲಿಗನೇ ಬಂದು ಸಾಕ್ಷಿ ಹೇಳಿದ್ದಾನೆ ಎಂದು. ಆ ಕಾಗದಕ್ಕೆ ರಿಜಿಸ್ಟರಿನಲ್ಲಿ ನಂಬರು ಹಾಕಿ ಫೈಲಿಗೆ ಸೇರಿಸಿದವನು ನಾನು.

ಚೆನ್ನಪ್ಪ ಈಗ ಕಾಪುವಿನಲ್ಲಿ ಮಗಳ ಮನೆಯಲ್ಲಿದ್ದಾನೆ ಎಂದು ಹೇಗೋ ಗೊತ್ತಾಯಿತು. ಎರಡು ಸಲ ಆ ಮನೆಯ ಗೇಟಿನವರೆಗೆ ಹೋಗಿ ಬಂದೆ. ಒಳಗೆ ಹೋಗಲಿಕ್ಕಾಗಲಿಲ್ಲ.

೧೯೯೪ರ ಮಗು ಸುಳ್ಳಲ್ಲ. ಅದು ಬದುಕಿತು. ಆದರೆ ಆ ಒಂದು ಮಗುವಿನ ಹೆಸರು ಹೇಳಿಕೊಂಡು ಎಷ್ಟು ಮಂದಿಗೆ ಹೊಡೆದೆ ಎಂದು ಈಗ ಎಣಿಸಲಿಕ್ಕೆ ಕೂತರೆ ಲೆಕ್ಕ ಸಿಗುವುದಿಲ್ಲ.

ಕೋರ್ಟಿನಲ್ಲಿ ನಿನಗೆ ಸರಿ ಕಂಡದ್ದನ್ನು ಹೇಳು. ಮೊದಲು ಕೊಟ್ಟ ಸಲಹೆಯನ್ನು ನಾನು ಹಿಂದೆ ತೆಗೆದುಕೊಂಡಿದ್ದೇನೆ. ಈ ಕಾಗದ ಹರಿಯುವುದು ಬೇಡ.

ಪಪ್ಪ


ಕುಕ್ಕುಂದೂರು
೨೮ ನವೆಂಬರ್ ೨೦೨೫

ಪಪ್ಪನಿಗೆ,

ನಿನ್ನೆ ಆಯಿತು. ಬೆಳಿಗ್ಗೆ ಹತ್ತೂವರೆಗೆ ಹೋದವಳನ್ನು ಕರೆದದ್ದು ಮೂರು ಗಂಟೆಗೆ.

ನನಗಿಂತ ಮೊದಲು ಪಂಚನೊಬ್ಬನ ವಿಚಾರಣೆ ಇತ್ತು. ಸರ ಸಿಕ್ಕಿದ ಜಾಗಕ್ಕೆ ತಾನು ಹೋಗಲೇ ಇಲ್ಲ, ಸ್ಟೇಷನ್ನಿನಲ್ಲಿ ಕೂತು ಸಹಿ ಹಾಕಿದ್ದು ಎಂದ. ಅವನು ಹೋಟೆಲಿನವನು.

ಆಮೇಲೆ ನಾನು. ಸರಕಾರಿ ವಕೀಲರು ನನ್ನ ಸರ್ಟಿಫಿಕೇಟು ತೋರಿಸಿದರು. ಕೈಬರಹ ನನ್ನದು, ಸಹಿ ನನ್ನದು ಎಂದೆ.

"ಆರೋಪಿಯ ಮೈಮೇಲೆ ಗಾಯಗಳು ಕಂಡುಬಂದಿಲ್ಲ, ಸರಿಯೇ?"

"ನಾನು ಹಾಗೆ ಬರೆದಿದ್ದೇನೆ."

"ಅಂದರೆ ಗಾಯಗಳು ಇರಲಿಲ್ಲ."

"ಅಂದರೆ ನಾನು ನೋಡಲಿಲ್ಲ."

ಟೈಪು ಮಾಡುವವರು ನಿಲ್ಲಿಸಿದರು. ನ್ಯಾಯಾಧೀಶರು ತಲೆ ಎತ್ತಿ, "ಡಾಕ್ಟರ್, ಸರಿಯಾಗಿ ಹೇಳಿ" ಎಂದರು. ಹೇಳಿದೆ. ಎದೆ, ಬೆನ್ನು ನೋಡಿದೆ, ಕಾಲು ನೋಡಲಿಲ್ಲ. ಹೊರಡುವಾಗ ಅವನು ಪಾದ ಊರಲಾರದೆ ನಡೆದದ್ದನ್ನು ಕಂಡೆ. ಕಂಡದ್ದನ್ನು ಬರೆಯಲಿಲ್ಲ.

ಸರಕಾರಿ ವಕೀಲರಿಗೆ ಸಿಟ್ಟು ಬಂತು. ಯಾರು ಹೇಳಿಸಿದರು, ಆರೋಪಿಯ ಕಡೆಯವರು ಭೇಟಿಯಾಗಿದ್ದಾರೆಯೇ ಎಂದು ಕೇಳಿದರು. ಅವನ ತಾಯಿ ಒಮ್ಮೆ ಓಪಿಗೆ ಬಂದಿದ್ದರು, ಕ್ಯಾಲ್ಸಿಯಂ ಬರೆದುಕೊಟ್ಟೆ ಎಂದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಜಿತೇಂದ್ರನ ವಕೀಲರು ಎಡ್ವಿನ್ ಎಂಬ ಹಿರಿಯರು. ಅವರು ಕೇಳಿದ್ದು ಒಂದೇ.

"ಕಂಡದ್ದನ್ನು ಯಾಕೆ ಬರೆಯಲಿಲ್ಲ ಡಾಕ್ಟ್ರೆ?"

"ಬರೆದರೆ ಅವನನ್ನು ನಿಲ್ಲಿಸಿ ಪೂರ್ತಿ ನೋಡಬೇಕಿತ್ತು. ಹೊರಗೆ ಜನ ಇದ್ದರು. ಮತ್ತೆ, ನಾನು ಪೊಲೀಸರ ಮನೆಯಲ್ಲಿ ಬೆಳೆದವಳು. ಇಂಥದ್ದನ್ನು ನೋಡದೆ ಇರಲಿಕ್ಕೆ ನನಗೆ ಅಭ್ಯಾಸ ಉಂಟು."

ನಿಮ್ಮ ಹೆಸರು ಹೇಳಲಿಲ್ಲ. ಆದರೆ ಇದು ನಿಮ್ಮ ಕಿವಿಗೆ ಬೇರೆಯವರಿಂದ ಬೀಳುವುದು ಬೇಡ ಎಂದು ಬರೆಯುತ್ತಿದ್ದೇನೆ. ಜಿತೇಂದ್ರ ಇಡೀ ಹೊತ್ತು ನೆಲ ನೋಡುತ್ತಿದ್ದ. ನನ್ನ ಮಾತು ಅವನಿಗೆ ಕೇಳಿಸಿತೋ ಇಲ್ಲವೋ.

ಇಲಾಖೆಯಿಂದ ನೋಟಿಸು ಬರುತ್ತದೆ ಎಂದು ಇವತ್ತೇ ಹೇಳಿದರು. ಬರಲಿ. ತಪ್ಪು ಮಾಡಿದ್ದೇನಲ್ಲ.

ನಿಮ್ಮ ಕಾಗದ ಎಷ್ಟೋ ಸಲ ಓದಿದೆ. ಒಂದು ಕೇಳುತ್ತೇನೆ. ಬೇರೆ ಜಿಲ್ಲೆಯಿಂದ ಕಾಗದ ಬಂತು, ಫೈಲಿಗೆ ಸೇರಿಸಿದೆ ಎಂದು ಬರೆದಿದ್ದೀರಿ. ಚೆನ್ನಪ್ಪನಿಗೆ ಅದನ್ನು ಯಾರು ಹೇಳಿದರು?

ಸೌಮ್ಯಾ


ಕುಕ್ಕುಂದೂರು
೨೦ ಫೆಬ್ರವರಿ ೨೦೨೬

ಪಪ್ಪನಿಗೆ,

ನೀವು ಉತ್ತರ ಬರೆಯದೆ ಮೂರು ತಿಂಗಳಾಗುತ್ತಾ ಬಂತು. ಸಂಕ್ರಾಂತಿಗೆ ಬಂದಾಗಲೂ ನಾವು ಮೀನಿನ ರೇಟು, ಮೊಣಕಾಲು, ಇಷ್ಟೇ ಮಾತನಾಡಿದೆವು. ನಾನೂ ಒತ್ತಾಯ ಮಾಡಲಿಲ್ಲ.

ಮೊನ್ನೆ ತೀರ್ಪು ಬಂತು, ನಾನೂ ಕೋರ್ಟಿಗೆ ಹೋಗಿದ್ದೆ. ಜಿತೇಂದ್ರನನ್ನು ಬಿಟ್ಟರು. ಅವನು ಜಾಗ ತೋರಿಸಿದ್ದಕ್ಕೆ ನಂಬುವಂಥ ಸಾಕ್ಷಿ ಇಲ್ಲ, ಅವನ ಬಾಯಿಯಿಂದ ಬಂದ ಮಾತು ಅವನ ಇಷ್ಟದಿಂದ ಬಂದದ್ದೆಂದು ಹೇಳಲಾಗುವುದಿಲ್ಲ ಎಂದು ನ್ಯಾಯಾಧೀಶರು ಓದಿದರು. ಪುಷ್ಪಾವತಿಯವರು ಮಗನ ತೋಳು ಹಿಡಿದುಕೊಂಡು ಹೋದರು. ನನ್ನ ಮುಂದೆಯೇ ಹೋದರು, ಮಾತನಾಡಲಿಲ್ಲ. ಮಾತನಾಡಬೇಕೆಂದು ನಾನು ಯಾಕೆ ಕಾದಿದ್ದೆನೋ.

ಮೆಟ್ಟಿಲಿನ ಹತ್ತಿರ ವಿನೋದಾ ಟೀಚರ ಮಗಳು ನಿಂತಿದ್ದಳು. ಯಶ್ಮಿತಾ ಎಂದು ಹೆಸರು, ಮಣಿಪಾಲದಲ್ಲಿ ಗ್ರಂಥಾಲಯದಲ್ಲಿ ಕೆಲಸ. ನನ್ನದೇ ಪ್ರಾಯ. ನೀವು ಆಗಸ್ಟಿನಲ್ಲಿ ಅವಳನ್ನು ಯೋಚಿಸು ಎಂದಿದ್ದಿರಿ. ಯೋಚಿಸಿದ್ದೆ. ಎದುರಿಗೆ ಬಂದಾಗ ಯೋಚಿಸಿದ್ದು ಯಾವುದೂ ಉಪಯೋಗಕ್ಕೆ ಬರಲಿಲ್ಲ.

"ಆ ಸರ ನನ್ನ ಅಮ್ಮನದ್ದೇ," ಎಂದಳು. "ಕೊಂಡಿಯ ಹತ್ತಿರ ನಾನೇ ನೂಲು ಸುತ್ತಿದ್ದೆ. ಅದು ಎಲ್ಲಿಂದಲೋ ಸಿಕ್ಕಿದೆ ಅಲ್ವಾ? ಯಾರ ಹತ್ತಿರವೋ ಇತ್ತು ಅಲ್ವಾ? ಹಾಗಾದರೆ ಅಮ್ಮನನ್ನು ಕೊಂದವರು ಯಾರು ಡಾಕ್ಟ್ರೆ?"

"ಗೊತ್ತಿಲ್ಲ."

"ಅವನೇ ಆಗಿದ್ದರೆ?"

"ಅವನೇ ಆಗಿದ್ದರೂ ಇರಬಹುದು," ಎಂದೆ. ಸುಳ್ಳು ಹೇಳಲಿಕ್ಕೆ ಮನಸ್ಸಾಗಲಿಲ್ಲ.

ಅವಳು ಅಳಲಿಲ್ಲ. ಎರಡು ವರ್ಷದಲ್ಲಿ ಅಳು ಮುಗಿದಿರಬೇಕು. "ನಿಮಗೆಲ್ಲ ನಿಮ್ಮ ನಿಮ್ಮ ಕೆಲಸ ಆಯಿತು," ಎಂದು ಹೇಳಿ ರಿಕ್ಷಾ ಹತ್ತಿದಳು.

ಮನೆಗೆ ಬಂದು ಸ್ನಾನ ಮಾಡಿ ಮಲಗಿದೆ. ಸರ ಅವನೇ ತೋರಿಸಿದನೋ, ಅವನ ಹೆಸರಿನಲ್ಲಿ ಅಲ್ಲಿ ಇಟ್ಟರೋ, ಅವನ ಮಾತಿನಲ್ಲಿ ನಿಜ ಎಷ್ಟಿತ್ತೋ, ಇನ್ನು ಯಾರೂ ಬಿಡಿಸಿ ಹೇಳಲಾರರು. ಅವನಿಗೇ ಹೇಳಲಿಕ್ಕಾಗುವುದಿಲ್ಲವೇನೋ. ಹೊಡೆಯದೆ ವಿಚಾರಿಸಿದ್ದರೆ, ನಾನು ಅವತ್ತು ಚಪ್ಪಲಿ ತೆಗೆಸಿ ನೋಡಿದ್ದರೆ, ಹೊಸದಾಗಿ ಯಾರಾದರೂ ಹುಡುಕುತ್ತಿದ್ದರು. ಎರಡು ವರ್ಷದ ಮೇಲೆ ಈಗ ಯಾರು ಹುಡುಕುತ್ತಾರೆ? ಯಶ್ಮಿತಾಳಿಗೆ ನಾವೆಲ್ಲ ಸೇರಿ ಮಾಡಿದ್ದು ಇಷ್ಟು.

ನೋಟಿಸಿಗೆ ಉತ್ತರ ಕೊಟ್ಟಿದ್ದೇನೆ. ಒಂದು ಇನ್‌ಕ್ರಿಮೆಂಟು ತಡೆಯಬಹುದಂತೆ.

ಚೆನ್ನಪ್ಪನ ವಿಷಯ ನಾನು ಇನ್ನು ಕೇಳುವುದಿಲ್ಲ.

ಸೌಮ್ಯಾ


ಅಲೆವೂರು
೯ ಮಾರ್ಚ್ ೨೦೨೬

ಪ್ರೀತಿಯ ಸೌಮ್ಯಾ,

ಚೆನ್ನಪ್ಪನಿಗೆ ಯಾರೂ ಹೇಳಿರಲಿಲ್ಲ. ಮೂರು ತಿಂಗಳು ನಾನು ಬರೆಯದೆ ಇದ್ದದ್ದು ಅದೇ ಕಾರಣಕ್ಕೆ. ಈ ಒಂದು ಸಾಲು ಬರೆಯುವ ಮೊದಲು ನಾನು ಅವನಿಗೆ ಹೇಳಬೇಕಿತ್ತು.

ನಿನ್ನ ಕಾಗದ ಬಂದ ಎರಡು ದಿನದ ಮೇಲೆ ಕಾಪುವಿಗೆ ಹೋದೆ. ಈ ಸಲ ನಿನ್ನ ಅಮ್ಮನೂ ಬಂದಳು. ಗೇಟು ತೆಗೆದವಳು ಅವಳೇ. ಚೆನ್ನಪ್ಪ ಅಂಗಳದಲ್ಲಿ ಕೂತು ತೆಂಗಿನ ಗರಿಯಿಂದ ಕಡ್ಡಿ ತೆಗೆಯುತ್ತಿದ್ದ. ನನ್ನನ್ನು ಕಂಡ ಕೂಡಲೇ ಎದ್ದು ನಿಂತ. ಎಪ್ಪತ್ತು ದಾಟಿದೆ ಅವನಿಗೆ, ಗುರುತು ಹಿಡಿಯಲಿಕ್ಕೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

"ಕೂತುಕೊ ಚೆನ್ನಪ್ಪ," ಎಂದೆ. ಕೂರಲಿಲ್ಲ.

ನಿಂತೇ ಹೇಳಿದೆ. ಮೊಗ ಕದ್ದವನು ೧೯೯೯ರಲ್ಲೇ ಸಿಕ್ಕಿದ್ದ, ಕಾಗದ ನನ್ನ ಕೈಗೇ ಬಂದಿತ್ತು, ನಾನು ಫೈಲಿಗೆ ಹಾಕಿದೆ ಎಂದು. ಅವನ ಮಗಳು ಒಳಗಿಂದ ಬಂದು ಬಾಗಿಲಿನಲ್ಲಿ ನಿಂತಳು. ಚೆನ್ನಪ್ಪ ಕೈಯಲ್ಲಿದ್ದ ಗರಿಯನ್ನು ಕೆಳಗಿಟ್ಟ. ಆಮೇಲೆ, "ನನ್ನ ಹೆಂಡತಿ ಸತ್ತದ್ದು ೨೦೦೮ರಲ್ಲಿ," ಎಂದ. "ಅವಳಿಗೆ ಕೊನೆಯವರೆಗೆ ಒಂದು ಸಂಶಯ ಇತ್ತು. ನಾನೇ ತೆಗೆದು ಎಲ್ಲಿಯೋ ಇಟ್ಟು ಮರೆತಿದ್ದೇನೋ ಅಂತ. ಇಷ್ಟು ಜಾಗ ಹೇಳಿದವ ನಾನಲ್ವಾ?"

ನಾನು ಕೈ ಮುಗಿದೆ. ಅವನಿಗೆ ಅದು ಬೇಡವಾಗಿತ್ತು.

"ನನಗೆ ಹೇಳಿ ಎಂತ ಪ್ರಯೋಜನ ಸ್ವಾಮೀ? ನಾನು ತೆಗೆಯಲಿಲ್ಲ ಅಂತ ನನಗೆ ಮೊದಲೇ ಗೊತ್ತುಂಟು. ಹೇಳುವುದಾದರೆ ಅಲ್ಲಿ ಬಂದು ಹೇಳಿ."

ನಿನ್ನೆ ಆ ದೈವಸ್ಥಾನಕ್ಕೆ ಹೋದೆವು. ಮುಂದಿನ ವಾರ ದೈವದ ನೇಮ, ಅದರ ತಯಾರಿಗೆ ಊರಿನವರ ಸಭೆ. ಅರುವತ್ತು ಎಪ್ಪತ್ತು ಮಂದಿ ಇದ್ದರು. ಮೊಕ್ತೇಸರರು ಹೊಸಬರು, ಆ ಕಾಲದವರ ಮಗ. ಚೆನ್ನಪ್ಪ ಮಗಳ ಜೊತೆ ರಿಕ್ಷಾದಲ್ಲಿ ಬಂದಿದ್ದ. ಒಳಗೆ ಬರಲಿಲ್ಲ. ಅಂಗಳದ ಹೊರಗೆ, ಪಾಗಾರದ ಗೋಡೆಗೆ ಕೈ ಕೊಟ್ಟು ನಿಂತ. ಇಪ್ಪತ್ತೆಂಟು ವರ್ಷದಿಂದ ಅವನು ಆ ಅಂಗಳಕ್ಕೆ ಕಾಲಿಟ್ಟಿಲ್ಲ ಎಂದು ಆಮೇಲೆ ತಿಳಿಯಿತು.

ಪೆಂಡಾಲು, ಅನ್ನಸಂತರ್ಪಣೆ ಎಲ್ಲ ಮಾತಾದ ಮೇಲೆ ನಾನು ಎದ್ದು ನಿಂತೆ. ನಿನಗೆ ಗೊತ್ತುಂಟು, ನಾನು ಜನರ ಎದುರು ಮಾತನಾಡಿದವನಲ್ಲ. ಜನರನ್ನು ಮಾತನಾಡಿಸಿದವನು. ನಾನು ಇಂಥವನು, ಇಂಥ ವರ್ಷ ಇಲ್ಲಿಯ ಸ್ಟೇಷನ್ನಿನಲ್ಲಿದ್ದೆ ಎಂದೆ. ಮೊಗ ಕದ್ದವನು ಚೆನ್ನಪ್ಪ ಅಲ್ಲ ಎಂದೆ. ಕದ್ದವನು ಬೇರೆ ಕಡೆ ಸಿಕ್ಕಿದ್ದು ಗೊತ್ತಿದ್ದೂ ನಾನು ಹೇಳಲಿಲ್ಲ, ಚೆನ್ನಪ್ಪನಿಗೆ ಒಂಬತ್ತು ದಿನ ಹೊಡೆದು ಅವನ ಬಾಯಿಯಿಂದ ಸುಳ್ಳು ಹೇಳಿಸಿದವನು ನಾನು ಎಂದೆ.

ಕೆಲವರು ಮುಖ ಆ ಕಡೆ ತಿರುಗಿಸಿದರು. ಪ್ರಾಯವಾದ ಒಬ್ಬರು, "ಆಯಿತು ಬಿಡಿ, ಹಳೆಯ ವಿಷಯ, ಈಗ ಯಾಕೆ," ಎಂದರು. ಮೊಕ್ತೇಸರರು ಮುಂದಿನ ವಿಷಯಕ್ಕೆ ಪುಸ್ತಕ ತೆರೆದರು. ನಿನ್ನ ಅಮ್ಮ ನನ್ನ ಅಂಗಿಯ ತುದಿ ಹಿಡಿದಳು, ಕೂತುಕೊಳ್ಳಿ ಎಂದೋ, ನಿಂತಿರಿ ಎಂದೋ ಗೊತ್ತಾಗಲಿಲ್ಲ.

ಆಗ ಪಾಗಾರದ ಹೊರಗಿನಿಂದ ಚೆನ್ನಪ್ಪ ಕರೆದ.

"ಸ್ವಾಮೀ, ಸ್ವಲ್ಪ ದೊಡ್ಡದಾಗಿ ಹೇಳಬೇಕು. ಹೆಂಗಸರು ಕೂತ ಬದಿಗೆ ಕೇಳಿಸಲಿಲ್ಲ."

ಮೊಕ್ತೇಸರರು ಪುಸ್ತಕ ಮುಚ್ಚಿದರು. ನಾನು ಹೆಂಗಸರ ಬದಿಗೆ ತಿರುಗಿ, ಮೊದಲಿನಿಂದ ಪುನಃ ಹೇಳಿದೆ.

ನಿನ್ನ
ಪಪ್ಪ